ಆರಿಸುವ ಯಂತ್ರವನ್ನು ಆರಿಸಬೇಡಿ

ನಜೀಬಾ ಕಮ್ಮೂನ್ ಮೊದಲ ಸಲ ಗಾಣಕ್ಕೆ ಬಂದ ದಿನ ಯಾರಿಗೂ ಸಲಾಮು ಹೇಳಲಿಲ್ಲ. ಹಳೆಯ ಮೊಪೆಡ್ಡನ್ನು ಅಂಗಳದ ಗೋಡೆಗೆ ಒರಗಿಸಿ, ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆಯದೆ ನೇರವಾಗಿ ಒಳಕ್ಕೆ ನುಗ್ಗಿ, "ನೀರು ನಿಲ್ಲಿಸ್ರೀ! ಯಾರದು ಪೈಪ್ ಹಿಡ್ಕೊಂಡಿರೋದು? ನಿಲ್ಲಿಸಿ ಅಂದೆ!" ಎಂದು ಕೂಗಿದಳು.

ಪೈಪು ಹಿಡಿದಿದ್ದವನು ತಿಜಾನಿ. ಸ್ಫಾಕ್ಸ್‌ನಿಂದ ಮೆನ್ಜಲ್ ಶಾಕರ್ ಕಡೆಗೆ ಹೋಗುವ ರಸ್ತೆಯ ಆ ಎಣ್ಣೆ ಗಾಣಕ್ಕೆ ಅವನೇ ರಯಿಸ್, ಅಂದರೆ ಮೇಸ್ತ್ರಿಗಳಿಗೆಲ್ಲ ಮೇಸ್ತ್ರಿ. ಮೀಸೆ ನರೆತ, ಮಾತು ಕಡಿಮೆಯ ಮನುಷ್ಯ. ಆ ಗಾಣದಲ್ಲಿ ಯಾರೂ ಅವನ ಮುಂದೆ ದನಿ ಏರಿಸಿದ್ದಿಲ್ಲ. ಮಾಲೀಕನಾದ ಸೀ ಫೌಜಿ ಕೂಡ ಬೈಯುವುದಿದ್ದರೆ ಫೋನಿನಲ್ಲಿ ಬೈಯುತ್ತಿದ್ದ, ಎದುರಿಗೆ ಬಂದರೆ ಕುಶಲ ವಿಚಾರಿಸುತ್ತಿದ್ದ. ಸುಗ್ಗಿಗೆ ಮುಂಚೆ ಗಾಣದ ನೆಲವನ್ನು ರಯಿಸನೇ ತನ್ನ ಕೈಯಾರೆ ತೊಳೆಯಬೇಕೆಂಬುದು ಅಲ್ಲಿನ ರೂಢಿ. ತಿಜಾನಿ ಅದನ್ನೇ ಮಾಡುತ್ತಿದ್ದ.

"ಯಾರಮ್ಮ ನೀನು? ಯಾರ ಮನೆ ಹೆಣ್ಣುಮಗಳು?" ಎಂದು ಕೇಳಿದ.

"ಈ ಯಂತ್ರದ ಮನೆಯವಳು. ಮೊದಲು ನೀರು ನಿಲ್ಲಿಸಿ, ಆಮೇಲೆ ವಂಶ ವಿಚಾರಿಸಿ."

ತಿಜಾನಿ ನೀರು ನಿಲ್ಲಿಸಲಿಲ್ಲ. ಪೈಪಿನ ಬಾಯನ್ನು ನಿಧಾನವಾಗಿ ಆಕೆಯ ಬೂಟಿನ ಕಡೆಗೆ ತಿರುಗಿಸಿದ. ಬೂಟು ತೊಯ್ದು ತೊಪ್ಪೆಯಾಯಿತು. ಆಕೆ ಕದಲಲಿಲ್ಲ.

"ಬೂಟು ಒಣಗುತ್ತೆ ಕಾಕಾ. ಅದು ಒಣಗಲ್ಲ" ಎಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿದ್ದ ಹೊಸ ಯಂತ್ರವನ್ನು ತೋರಿಸಿದಳು.

ಕಾಕಾ ಎಂಬ ಮಾತು ಕೇಳಿದ ಮೇಲೆ ತಿಜಾನಿ ನಲ್ಲಿ ತಿರುಗಿಸಿದ. ಅವರ ಸ್ನೇಹ ಶುರುವಾದದ್ದು ಹೀಗೆ. ಸ್ನೇಹ ಎಂಬ ಮಾತನ್ನು ಮಾತ್ರ ಇಬ್ಬರೂ ಇಂದಿಗೂ ಒಪ್ಪುವುದಿಲ್ಲ.

ಆ ಯಂತ್ರ ಆಲಿವ್ ಕಾಯಿಗಳನ್ನು ಆರಿಸುವ ಯಂತ್ರ. ಬೆಲ್ಟಿನ ಮೇಲೆ ಕಾಯಿ ಓಡುತ್ತದೆ, ಮೇಲಿನ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ, ಬೇಡವಾದದ್ದನ್ನು ಪಕ್ಕದಿಂದ ಗಾಳಿ ಊದಿ ಹೊರಕ್ಕೆ ಹಾರಿಸುತ್ತದೆ. ಕೊನೆಯಲ್ಲಿ ಎರಡು ಬಾಯಿ. ಒಳ್ಳೆಯ ಕಾಯಿ ಒಂದು ಬಾಯಿಗೆ ಬಿದ್ದು ಊಟದ ಎಣ್ಣೆಯಾಗುತ್ತದೆ. ಕೊಳೆತದ್ದು, ನೆಲಕ್ಕೆ ಬಿದ್ದು ಜಜ್ಜಿದ್ದು ಇನ್ನೊಂದು ಬಾಯಿಗೆ ಬಿದ್ದು ಕೀಳು ಎಣ್ಣೆಯಾಗುತ್ತದೆ. ಹಿಂದೆ ಅದನ್ನು ದೀಪಕ್ಕೆ ಸುರಿಯುತ್ತಿದ್ದರು, ಹಾಗಾಗಿ ಆ ಬಾಯಿಗೆ ಗಾಣದವರು ಇಟ್ಟ ಹೆಸರು ದೀಪದ ಬಾಯಿ. ಆ ಸೀಮೆಯಲ್ಲಿ ಒಬ್ಬನ ಕಾಯಿಯನ್ನು ದೀಪದೆಣ್ಣೆ ಎಂದರೆ ಅವನ ಮನೆತನವನ್ನೇ ಬೈದ ಹಾಗೆ.

ತಿಜಾನಿ ಯಂತ್ರದ ಸುತ್ತ ಒಂದು ಸುತ್ತು ಬಂದು, "ಇದರ ಪ್ರೋಗ್ರಾಂ ಅಂತಾರಲ್ಲ, ಅದೆಲ್ಲಿದೆ?" ಎಂದ.

"ಇಲ್ಲ."

"ಇಲ್ಲ ಅಂದ್ರೆ?"

"ಇನ್ನೂ ಹುಟ್ಟಿಲ್ಲ. ಕಾಯಿ ಬಂದ ಮೇಲೆ ಹುಟ್ಟುತ್ತೆ."

ತಿಜಾನಿ ಆಕೆಯ ಮುಖವನ್ನೇ ನೋಡಿದ. ತಮಾಷೆಯ ಮುಖವಲ್ಲ ಅದು. ಆಕೆ ಸಿಡುಕುತ್ತಲೇ ಬಿಡಿಸಿ ಹೇಳಿದಳು. ಹಸಿರಾಗಿರುವಾಗಲೇ ಕಿತ್ತವರ ರಾಶಿಯಲ್ಲಿ ಕಪ್ಪು ಕಾಯಿ ಸಿಕ್ಕರೆ ಅದು ನೆಲದಿಂದ ಹೆಕ್ಕಿದ್ದು, ಹೊರಗೆ ಹಾಕಬೇಕು. ಹಣ್ಣಾಗುವವರೆಗೆ ಕಾದು ಕಿತ್ತವರ ರಾಶಿಯಲ್ಲಿ ಕಪ್ಪೇ ಒಳ್ಳೆಯದು, ಒಳಗೆ ಬಿಡಬೇಕು. ಒಬ್ಬೊಬ್ಬ ಬೆಳೆಗಾರನಿಗೆ ಒಂದೊಂದು ನಿಯಮ. ಎಲ್ಲ ನಿಯಮವನ್ನೂ ಯಂತ್ರದ ತಲೆಗೆ ತುಂಬಿ, ಕಾಯಿ ಓಡುವಾಗ ಇದು ಯಾರದು, ಇದಕ್ಕೆ ಯಾವ ನಿಯಮ ಎಂದು ಪ್ರತಿ ಕಾಯಿಗೂ ಯೋಚಿಸುತ್ತಾ ಕೂತರೆ ಬೆಲ್ಟು ಮುಂದೆ ಹೋಗಿಬಿಡುತ್ತದೆ. ಅದಕ್ಕೇ ರಯಿಸ್ ಗುಂಡಿ ಒತ್ತಿ ನಿಯಮ ಹೇಳಿದ ಕೂಡಲೇ, ಆಕೆಯ ಪ್ರೋಗ್ರಾಂ ಆ ಒಂದು ರಾಶಿಗೆ ಮಾತ್ರ ಬೇಕಾದ ಇನ್ನೊಂದು ಪುಟ್ಟ ಪ್ರೋಗ್ರಾಮನ್ನು ಯಂತ್ರದ ನೆನಪಿನಲ್ಲೇ ಬರೆದು ಓಡಿಸುತ್ತದೆ. ಅದಕ್ಕೆ ಬೇರೇನೂ ಗೊತ್ತಿಲ್ಲ, ಯೋಚನೆಯೂ ಇಲ್ಲ. ರಾಶಿ ಮುಗಿದರೆ ಅದೂ ಮುಗಿಯಿತು. ಅದೇ ಜಾಗದಲ್ಲಿ ಮುಂದಿನ ರಾಶಿಯದನ್ನು ಬರೆಯುತ್ತದೆ.

"ಹುಟ್ಟುತ್ತೆ, ದುಡಿಯುತ್ತೆ, ಸಾಯುತ್ತೆ. ಗೋರೀನೂ ಇಲ್ಲ" ಎಂದಳು ನಜೀಬಾ. "ನಮ್ಮಪ್ಪ ಬಲ್ಗಾ ಹೊಲೀತಿದ್ದದ್ದೂ ಹೀಗೇ. ಕಾಲು ಅಂಗಡಿ ಹತ್ತಿದ ಮೇಲೇ ತೊಗಲಿಗೆ ಕತ್ತರಿ."

ಆಕೆಯ ತಂದೆ ಮುನವ್ವರ್ ಸ್ಫಾಕ್ಸಿನ ಹಳೆಯ ಕೋಟೆಯೊಳಗೆ ಚಪ್ಪಲಿ ಹೊಲಿಯುತ್ತಿದ್ದ. ಅಂಗಡಿಯಲ್ಲಿ ಹೊಲಿದಿಟ್ಟ ಜೋಡಿ ಒಂದೂ ಇರುತ್ತಿರಲಿಲ್ಲ. ಖಾಲಿ ಗೋಡೆ ನೋಡಿ ಗಿರಾಕಿಗಳು ಪಕ್ಕದಂಗಡಿಗೆ ಹೋಗುತ್ತಿದ್ದರು, ಅಲ್ಲಿನ ಚಪ್ಪಲಿ ಕಚ್ಚಿ ಕುಂಟುತ್ತಾ ವಾಪಸ್ಸು ಬರುತ್ತಿದ್ದರು. ಕುಂಟಿಕೊಂಡು ಬಂದವರನ್ನು ಮುನವ್ವರ್ ಮೊದಲು ಬೈದು ಆಮೇಲೆ ಅಳತೆ ತೆಗೆಯುತ್ತಿದ್ದ. ಮಗಳಿಗೆ ಅಪ್ಪನ ಕಸುಬೂ ಬಂತು, ಕೋಪವೂ ಬಂತು. ಎಂಜಿನಿಯರಿಂಗ್ ಕಾಲೇಜಿನಲ್ಲಿ, ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಅಪಾಯ, ಅದನ್ನು ಬಿಟ್ಟು ಬೇರೆ ವಿಷಯ ತೆಗೆದುಕೋ ಎಂದ ಮೇಷ್ಟ್ರಿಗೆ ಎದುರುತ್ತರ ಕೊಟ್ಟು ಒಂದು ವರ್ಷ ಕಳೆದುಕೊಂಡಿದ್ದಳು. ಮದುವೆಯೂ ಆಗಿತ್ತು, ನಿಲ್ಲಲಿಲ್ಲ. ಯಾಕೆಂದು ಕೇಳಿದವರಿಗೆ "ಮನುಷ್ಯ ಒಳ್ಳೆಯವನೇ, ನಿಧಾನ" ಎಂದಷ್ಟೇ ಉತ್ತರ. ಸೀ ಫೌಜಿ ಗಾಣದ ಜೊತೆಗೆ ನಡೆಸುತ್ತಿದ್ದ ಯಂತ್ರದ ಕಾರ್ಖಾನೆಗೆ ಬಂದ ಮೇಲೆ, ತನ್ನ ಮನಸ್ಸಿಗೆ ಬಂದ ಹಾಗೆ ಬರೆಯಲು ಆಕೆಗೆ ಜಾಗ ಸಿಕ್ಕಿತು.

ಆಕೆಯ ಮಾತಿನಲ್ಲಿ ಕ್ರಿಯಾಪದವೆಲ್ಲ ವಿಧಿರೂಪದಲ್ಲೇ ಇರುತ್ತಿತ್ತು: ನಿಲ್ಲಿಸಿ, ಸರಿಯಿರಿ, ಮುಟ್ಟಬೇಡಿ. 'ಬಹುಶಃ' ಎಂಬ ಅವ್ಯಯವನ್ನು ಯಾರೂ ಕಲಿಸಿರಲಿಲ್ಲವೇನೋ.

ಮೊದಲ ಸುಗ್ಗಿ ಚೆನ್ನಾಗಿ ನಡೆಯಿತು. ಗಾಣದ ಕ್ರಮ ಹೀಗಿತ್ತು. ಒಬ್ಬನ ರಾಶಿ ಮುಗಿದರೆ ಬೆಲ್ಟು ನಿಲ್ಲುತ್ತದೆ. ರಾಶಿ ಸುರಿಯುವ ಜೀಲಾನಿ ಬೆಲ್ಟನ್ನು ಬಟ್ಟೆಯಲ್ಲಿ ಒರೆಸುತ್ತಾನೆ, ಒಬ್ಬನ ಒಂದು ಕಾಯಿಯೂ ಇನ್ನೊಬ್ಬನದಕ್ಕೆ ಸೇರಬಾರದಲ್ಲ. ಅಷ್ಟರಲ್ಲಿ ಕೆಂಡದ ಮೇಲೆ ಚಹಾ ಕುದಿಯುತ್ತದೆ, ಎಲ್ಲರೂ ಬಾದಾಮಿ ಉದುರಿಸಿದ ಲೋಟ ಹಿಡಿದು ಒಂದು ಗಳಿಗೆ ಕೂರುತ್ತಾರೆ. ಆಮೇಲೆ ಮುಂದಿನವನ ರಾಶಿ. ಹೊಸ ಎಣ್ಣೆ ಹರಿಯತೊಡಗಿದಾಗ ರಯಿಸ್ ಬಾರ್ಲಿ ರೊಟ್ಟಿ ಮುರಿದು, ಅದರಲ್ಲಿ ಅದ್ದಿ, ರಾಶಿಯ ಯಜಮಾನನಿಗೆ ತನ್ನ ಕೈಯಾರೆ ತುತ್ತು ಕೊಡುತ್ತಾನೆ. ಅವನು ತಿಂದು "ಬರಕತ್ತಾಗಲಿ" ಎಂದರೆ ಇಬ್ಬರ ನಡುವೆ ಎಲ್ಲ ಚುಕ್ತಾ. ಆ ಮೊದಲ ವರ್ಷ ತಿಜಾನಿ ನಜೀಬಾಗೂ ಒಂದು ತುತ್ತು ಕೊಟ್ಟ. ಆಕೆ ತಿಂದು, "ಉಪ್ಪು ಬೇಕಿತ್ತು" ಎಂದಳು.

ಎರಡನೆಯ ಸುಗ್ಗಿಗೆ ಸೀ ಫೌಜಿ ಆಕೆಯನ್ನು ಬೇರೆ ಕೆಲಸಕ್ಕೆ ಹಾಕಿದ. ಗಾಣಕ್ಕೆ ಬರುವುದು ಆಕೆಗೆ ತಪ್ಪಿತು. ಆ ವರ್ಷ ಮರಗಳು ಬಾಗಿ ಕಾಯಿ ಬಿಟ್ಟಿದ್ದವು, ಲಾರಿಗಳು ಗಾಣದ ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದ್ದವು. ಚಹಾ ಗಿಹಾ ಏನೂ ಬೇಡ, ಒಬ್ಬನದು ಮುಗಿದ ಕೂಡಲೇ ಇನ್ನೊಬ್ಬನದು ಸುರಿಯಿರಿ ಎಂದು ಫೌಜಿಯ ಆಜ್ಞೆಯಾಯಿತು. ತಿಜಾನಿ ಗೊಣಗಿದ, ಒಪ್ಪಿಕೊಂಡ.

ಆಮೇಲೆ ಅದು ಶುರುವಾಯಿತು. ಒಬ್ಬ ಸಣ್ಣ ಬೆಳೆಗಾರನ ಒಳ್ಳೆಯ ಕಾಯಿ ದೀಪದ ಬಾಯಿಗೆ ಬಿತ್ತು. ತಿಜಾನಿ ಗಾಬರಿಯಿಂದ ಕಾರ್ಖಾನೆಗೆ ಫೋನ್ ಮಾಡಿದ. "ಆರಿಸಿ ಹಚ್ಚಿ, ಸರಿ ಹೋಗುತ್ತೆ" ಎಂದ ಅಲ್ಲಿನ ಮೆಕಾನಿಕ್. ಆರಿಸಿ ಹಚ್ಚಿದರೆ ಸರಿಹೋಯಿತು. ವಾರ ಕಳೆದು ಮತ್ತೆ ಹಾಗೇ ಆಯಿತು, ಮತ್ತೆ ಆರಿಸಿ ಹಚ್ಚಿದರು, ಮತ್ತೆ ಸರಿಹೋಯಿತು. ಸರಿಹೋದದ್ದನ್ನು ಯಾರು ತಾನೇ ಕೆದಕುತ್ತಾರೆ?

ಮೂರನೆಯ ಸಲ ಬಿದ್ದದ್ದು ಹಾಜ್ ಖ್ಲೀಫಾ ಅವರ ರಾಶಿ. ಹಾಜ್ ಖ್ಲೀಫಾ ಎಂದರೆ ಆ ರಸ್ತೆಗೆಲ್ಲ ಹಿರಿಯರು. ಅಜ್ಜನ ಕಾಲದ ಮರ, ಹಣ್ಣಾಗುವವರೆಗೆ ಕಾಯುವ ತಾಳ್ಮೆ, ಕಾಡಿಗೆಯಂಥ ಕಪ್ಪು ಕಾಯಿ. ಅವರಿಗಿಂತ ಮುಂಚೆ ಹಸಿರು ಕಾಯಿಯವರೊಬ್ಬರ ರಾಶಿ ಓಡಿತ್ತು. ತಿಜಾನಿ ಹಾಜ್‌ರ ನಿಯಮದ ಗುಂಡಿ ಒತ್ತಿ ಎಣ್ಣೆಯ ತೊಟ್ಟಿಯ ಕಡೆ ಹೋದ. ತಿರುಗಿ ಬಂದು ನೋಡುವಷ್ಟರಲ್ಲಿ ಲಾರಿಯ ಮುಕ್ಕಾಲು ಪಾಲು ದೀಪದ ಬಾಯಿಗೆ ಬಿದ್ದು, ಕೊಳೆತ ಕಾಯಿಯ ಜೊತೆ ಅರೆದು ಹೋಗಿತ್ತು. ಬೇರೆ ಮಾಡುವ ದಾರಿಯೇ ಇರಲಿಲ್ಲ.

ಉಳಿದ ಕಾಲು ಭಾಗದ ಎಣ್ಣೆ ಹರಿದಾಗ ತಿಜಾನಿ ರೊಟ್ಟಿ ಅದ್ದಿ ಮುಂದೆ ಹಿಡಿದ. ಹಾಜ್ ಬಾಯಿ ತೆರೆಯಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತರು.

"ನನ್ನ ಕಾಯಿ ದೀಪದೆಣ್ಣೆ ಅಂತ ಹೇಳಿದ ಕೈ ಅದು. ಅದರಿಂದ ತುತ್ತು ತಿನ್ನಲಾ?" ಎಂದರು. "ಎಷ್ಟು ಕೊಟ್ಟರು ನಿಂಗೆ, ಆ ಹಸಿರು ಕಾಯಿಯೋರು?"

ತುತ್ತು ತಿಜಾನಿಯ ಕೈಯಲ್ಲೇ ಉಳಿಯಿತು. ಎಣ್ಣೆ ಮೊಣಕೈವರೆಗೆ ಇಳಿಯಿತು. ಸಂಜೆಯೊಳಗೆ ಆ ಸುದ್ದಿ ಎಲ್ಲ ಗಾಣಗಳಿಗೂ ತಲುಪಿತ್ತು. ರಯಿಸನ ತುತ್ತನ್ನು ಒಬ್ಬ ಹಿರಿಯ ತಿರಸ್ಕರಿಸಿದ ಮೇಲೆ, ಅವನನ್ನು ಇನ್ನೊಂದು ಗಾಣ ಬಾಗಿಲು ಗುಡಿಸಲೂ ಕರೆಯುವುದಿಲ್ಲ. ಸೀ ಫೌಜಿ ಫೋನಿನಲ್ಲಿ ಹೇಳಿದ: "ನೀನು ಗುಂಡಿ ತಪ್ಪು ಒತ್ತಿದ್ದೀಯ. ಎಲ್ಲರ ಮುಂದೆ ಹಾಗಂತ ಹೇಳಿ ಹಾಜ್ ಕಾಲು ಹಿಡಿ. ಇಲ್ಲ ಅಂದ್ರೆ ಬೀಗದ ಕೈ ಇಟ್ಟು ಮನೆಗೆ ಹೋಗು."

ಮರುದಿನ ಬೆಳಗ್ಗೆ ನಜೀಬಾಳ ಮೊಪೆಡ್ಡು ಅಂಗಳಕ್ಕೆ ನುಗ್ಗಿತು. ಆಕೆಗೆ ತಲುಪಿದ್ದು ಫೌಜಿಯ ಮಾತು ಮಾತ್ರ.

"ಕಾಕಾ! ಒಂದು ಗುಂಡಿ ನೆಟ್ಟಗೆ ಒತ್ತೋಕೆ ಬರಲ್ವಾ ನಿಮಗೆ? ಹಸಿರು ಯಾವುದು ಕಪ್ಪು ಯಾವುದು ಅಂತ ಕಣ್ಣು ಕಾಣಲ್ವಾ? ನನ್ನ ಯಂತ್ರದ ಮಾನ ಕಳೆದ್ರಲ್ಲ!"

ಆವರೆಗೆ ಬಾಯಿ ಬಿಗಿದುಕೊಂಡಿದ್ದ ತಿಜಾನಿಯ ಕಟ್ಟೆ ಒಡೆಯಿತು. ಸೊಂಟದ ಬೀಗದ ಕೈ ಗೊಂಚಲು ಕಿತ್ತು ನೆಲಕ್ಕೆ ಬಿಸಾಡಿದ.

"ನಿನ್ನ ಯಂತ್ರದ ಮಾನ! ನನ್ನ ಮಾನ ಎಲ್ಲಿ ಹೋಯ್ತು ಅಂತ ಕೇಳಿದೆಯಾ? ನಿನಗೆ ಹಲ್ಲು ಬರೋ ಮುಂಚೆಯಿಂದ ಈ ನೆಲ ತೊಳೀತಿದ್ದೀನಿ. ಕಪ್ಪು ಒಳಗೆ ಅಂತಲೇ ಒತ್ತಿದ್ದು, ಅಲ್ಲಾನಾಣೆ! ನೋಡು, ನಿಂತು ಒಂದು ಲೋಟ ಚಹಾ ಕುಡಿಯೋಕೂ ಬಿಡದೆ ಕತ್ತೆ ಥರ ದುಡಿಸಿ, ಕೊನೆಗೆ ಕಳ್ಳ ಅಂತೀರಿ. ಹೋಗು, ಹೋಗು!"

ನಜೀಬಾ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.

"ಏನಂದ್ರಿ? ಚಹಾ ಇಲ್ವಾ?"

"ಇಲ್ಲ."

"ಬೆಲ್ಟು ನಿಲ್ಲಲ್ವಾ ಮಧ್ಯದಲ್ಲಿ?"

"ನಿಲ್ಲಿಸಿದ್ರೆ ನಿನ್ನ ಸೀ ಫೌಜಿ ನುಂಗ್ತಾನೆ."

ಆಕೆ ಯಂತ್ರದ ಹಿಂದೆ ಹೋಗಿ ಪೆಟ್ಟಿಗೆಯ ತಿರುಪು ಬಿಚ್ಚಿದಳು. ಒಳಗೆ ಕಣ್ಣಾಡಿಸಿದಳು. ಆಮೇಲೆ ಕೇಳಿಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಲಾರಿ ಡ್ರೈವರುಗಳೇ ತಲೆ ತಗ್ಗಿಸಿದರು. ಯಂತ್ರಕ್ಕೆ ತಲೆಯಂತೆ ಆಕೆ ಇಟ್ಟಿದ್ದ ಬೋರ್ಡು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಬೇರೆ ಜಾತಿಯ, ಅಗ್ಗದ ಬೋರ್ಡೊಂದು ಕೂತಿತ್ತು.

ಮಧ್ಯಾಹ್ನ ಸೀ ಫೌಜಿ ಕಾರಿನಲ್ಲಿ ಬಂದ. ನಜೀಬಾ ಕಾರಿನ ಬಾಗಿಲಲ್ಲೇ ಹಿಡಿದಳು.

"ಬೋರ್ಡು ಯಾಕೆ ಬದಲಾಯಿಸಿದ್ರಿ? ನನಗೆ ಯಾಕೆ ಹೇಳಲಿಲ್ಲ?"

"ಹಳೇದು ಕೆಟ್ಟಿತ್ತು, ಅದೇ ಜಾತಿಯ ಇನ್ನೊಂದು ಬಂದರಿನಲ್ಲೇ ಸಿಕ್ಕಿ ಬಿತ್ತು, ಸುಗ್ಗಿ ಕಾಯುತ್ತಾ? ಸಿಕ್ಕಿದ್ದು ಹಾಕಿದ್ವಿ. ಅದರ ಮೇಲೂ ನಿನ್ನ ಪ್ರೋಗ್ರಾಂ ಓಡ್ತಲ್ಲ! ಖುಷಿಪಡು" ಎಂದ ಫೌಜಿ. ಅವನು ಕೆಟ್ಟವನಂತೆ ಮಾತಾಡುವವನಲ್ಲ. ಬೆನ್ನು ಸವರುವ ದನಿ ಅವನದು.

"ಓಡ್ತಿರೋದು ಹಳೇದು! ಬೋರ್ಡಿನ ಚಿಪ್ ನೆನಪಿನಿಂದ ಒಂದಷ್ಟು ಆಜ್ಞೆ ಎತ್ತಿ ಕೈಯಲ್ಲೇ ಇಟ್ಕೊಂಡಿರುತ್ತೆ, ಪದೇ ಪದೇ ಹೋಗಿ ನೋಡೋದು ಬೇಡ ಅಂತ. ನಾನು ನೆನಪಿನಲ್ಲಿ ಹೊಸದು ಬರೆದ್ರೆ, ಹಳೇ ಬೋರ್ಡು ತಾನೇ ತಿಳ್ಕೊಂಡು ಕೈಯಲ್ಲಿದ್ದದ್ದು ಬಿಸಾಕ್ತಿತ್ತು. ಇದು ಬಿಸಾಕಲ್ಲ. ಬಿಸಾಕು ಅಂತ ನಾವು ಹೇಳಬೇಕು. ಹೇಳೋ ಸಾಲು ನನ್ನ ಪ್ರೋಗ್ರಾಮಿನಲ್ಲಿ ಇಲ್ಲ. ಹೋದ ವರ್ಷ ಬೇಕಿರಲಿಲ್ಲ!"

"ಹಾಗಾದ್ರೆ ದಿನಾ ತಪ್ಪಬೇಕಿತ್ತಲ್ಲ?"

"ಎಲ್ಲ ಯಜಮಾನರೂ ಒಂದೇ ಥರದ ಕಾಯಿ ತಂದ್ರೆ ಹಳೇ ಆಜ್ಞೆ ಆದ್ರೇನು ಹೊಸದಾದ್ರೇನು, ಯಾರಿಗೆ ಗೊತ್ತಾಗುತ್ತೆ? ಬೇರೆ ಥರದ್ದು ಬಂದಾಗಲೂ, ಮಧ್ಯೆ ಬೆಲ್ಟು ನಿಂತರೆ ಯಂತ್ರ ಪುರುಸೊತ್ತಾಗಿ ದಿನದ ಚಿತ್ರ ಎಲ್ಲ ನಿಮ್ಮ ಆಫೀಸಿಗೆ ಕಳಿಸುತ್ತೆ. ಆ ಕೆಲಸಕ್ಕೆ ಕೈ ಖಾಲಿ ಮಾಡ್ಕೊಳ್ಳುತ್ತೆ, ಹಳೇ ಆಜ್ಞೇನೂ ಹೋಗುತ್ತೆ. ನೀವು ಚಹಾ ನಿಲ್ಲಿಸಿದ್ರಿ, ಪುರುಸೊತ್ತು ಹೋಯ್ತು. ಹಸಿರಿನ ಹಿಂದೆಯೇ ಕಪ್ಪು ಬಂತು, ಸಿಕ್ಕಿಬಿತ್ತು."

ಫೌಜಿ ನಕ್ಕ. "ಚಹಾ ಕುಡೀದೆ ಯಂತ್ರ ಕೆಟ್ಟಿತು ಅಂತ ಹಾಜ್‌ಗೆ ಹೇಳಲಾ? ತೋರಿಸು ಆ ಪ್ರೋಗ್ರಾಮನ್ನ. ನಿನ್ನೆ ಓಡಿದ್ದು ತೋರಿಸು, ನಂಬ್ತೀನಿ."

"ಅದು ಸತ್ತು ಹೋಯ್ತು. ನಿಮ್ಮ ಮೆಕಾನಿಕ್ಕು ನಿನ್ನೇನೂ ಆರಿಸಿ ಹಚ್ಚಿಸಿ ಹೆಣಾನೂ ತೊಳೆಸಿಟ್ಟ!"

"ಇಲ್ಲದ್ದನ್ನ ತೋರಿಸೋಕಾಗಲ್ಲ ಅಂದ್ರೆ ತಪ್ಪು ತಿಜಾನಿದು. ನೋಡು ಬೆನ್ತಿ, ನನ್ನ ಮಗಳೇ, ನಿನ್ನ ಸಾಲು ಸುಗ್ಗಿ ಮುಗಿದ ಮೇಲೆ ಸೇರಿಸು, ಯಾರೂ ಬೇಡ ಅನ್ನಲ್ಲ. ಈಗ ಯಂತ್ರ ತಪ್ಪು ಅಂತ ಬಾಯಿ ಬಿಟ್ರೆ, ಇದೇ ಯಂತ್ರ ತಗೊಂಡ ಬೇರೆ ಗಾಣದೋರೆಲ್ಲ ನನ್ನ ಬಾಗಿಲಿಗೆ ಬರ್ತಾರೆ. ಒಬ್ಬ ಮುದುಕ ಒಂದು ಗುಂಡಿ ತಪ್ಪು ಒತ್ತಿದ ಅಂದ್ರೆ ಯಾರ ಗಂಟು ಹೋಗುತ್ತೆ?"

ಮುದುಕ ಅಲ್ಲೇ ನಿಂತಿದ್ದ. ಯಾರ ಗಂಟು ಎಂದು ಅವನಿಗೆ ಗೊತ್ತಿತ್ತು. ನಜೀಬಾಳ ಮುಖ ಕೆಂಪಾಗಿ, ಮತ್ತೆ ಬಿಳಿಚಿತು. ಆ ಕ್ಷಣ ಮಾತ್ರ ಆಕೆ ಕೂಗಲಿಲ್ಲ. ತಿಜಾನಿಗೆ ಭಯವಾದದ್ದು ಅದಕ್ಕೇ.

"ಹಾಜ್ ಯಾವಾಗ ಬರ್ತಾರೆ?" ಎಂದು ಕೇಳಿದಳು.

"ಶನಿವಾರ. ಇನ್ನೊಂದು ಲಾರಿ ಕಾಯಿ ಇಲ್ಲೇ ಅಂಗಳದಲ್ಲಿದೆ. ಬೇರೆ ಗಾಣಕ್ಕೆ ಸಾಗಿಸ್ತಾರಂತೆ" ಎಂದ ತಿಜಾನಿ.

"ಎಲ್ಲರ ಮುಂದೆ ಏನಾದ್ರೂ ಆಟ ಕಟ್ಟಿದ್ರೆ ಮಾರನೇ ದಿನದಿಂದ ಕೆಲಸಕ್ಕೆ ಬರಬೇಡ" ಎಂದ ಫೌಜಿ.

"ಮಾರನೇ ದಿನ ಭಾನುವಾರ. ಹೇಗೂ ಬರಲ್ಲ" ಎಂದಳು ನಜೀಬಾ.

ಶನಿವಾರ ಬೆಳಗ್ಗೆ ಹಾಜ್ ಖ್ಲೀಫಾ ಕಾಯಿ ಸಾಗಿಸಲು ಲಾರಿ ತಂದಾಗ ಅದರ ಮುಂದೆ ಮೊಪೆಡ್ಡು ಅಡ್ಡ ನಿಂತಿತ್ತು.

"ಪಕ್ಕಕ್ಕೆ ಸರಿ ಹೆಣ್ಣೇ, ಪ್ರಾಣ ಹೋಗುತ್ತೆ!" ಎಂದರು ಹಾಜ್.

"ನಿಮ್ಮ ಕಾಯಿಯಲ್ಲಿ ನಾಲ್ಕು ಬುಟ್ಟಿ ಕೊಡಿ. ದೀಪದ ಬಾಯಿಗೆ ಹಾಕ್ತೀನಿ. ಯಾಕೆ ಹಾಕ್ದೆ ಅಂತಾನೂ ತೋರಿಸ್ತೀನಿ."

ಇಂಥ ಸೊಕ್ಕಿನ ಬೇಡಿಕೆಯನ್ನು ಹಾಜ್ ತಮ್ಮ ಜೀವಮಾನದಲ್ಲಿ ಕೇಳಿರಲಿಲ್ಲ. ಅದೇ ಕುತೂಹಲಕ್ಕೆ ಕೊಟ್ಟರು. ಬೆಳೆಗಾರರೆಲ್ಲ ಒಳಗೆ ಸೇರಿದರು. ಫೌಜಿಯೂ ಅವನ ಮೆಕಾನಿಕ್ಕೂ ಬಾಗಿಲ ಬಳಿ ನಿಂತರು. ಮೊದಲು ಯಾರದೋ ಹಸಿರು ಕಾಯಿ ಓಡಿಸಿದರು, ಕಪ್ಪು ಹೊರಗೆ ಎಂಬ ನಿಯಮದಲ್ಲಿ. ಅದು ಮುಗಿಯಿತು. ತಿಜಾನಿ ಹಾಜ್‌ರ ನಿಯಮ ಒತ್ತಿದ, ಕಪ್ಪು ಒಳಗೆ. ಜೀಲಾನಿ ಬುಟ್ಟಿ ಸುರಿದ. ಕಾಡಿಗೆಯಂಥ ಕಾಯಿಗಳು ಉರುಳುತ್ತಾ ಬಂದು ಒಳ್ಳೆಯ ಬಾಯಿಗೆ ಬಿದ್ದವು. ಒಂದೂ ಹೊರಗೆ ಹೋಗಲಿಲ್ಲ.

ಗಾಣದಲ್ಲಿ ನಗು ಎದ್ದಿತು. "ಚಹಾ ಕುಡ್ಕೊಂಡು ಬಂದಿದೆ ಕಣೋ ಯಂತ್ರ!" ಎಂದ ಮೆಕಾನಿಕ್.

ನಜೀಬಾ ಬೆಲ್ಟಿನ ತಲೆಯ ಕಡೆ ತಿರುಗಿದಳು. "ಜೀಲಾನಿ! ಕೈಯಲ್ಲಿ ಏನದು?"

ಜೀಲಾನಿಯ ಕೈಯಲ್ಲಿ ಬಟ್ಟೆಯಿತ್ತು. ಹಾಜ್‌ರಂಥವರ ಕಾಯಿ ಸುರಿಯುವ ಮುಂಚೆ ಬೆಲ್ಟು ಒರೆಸದಿದ್ದರೆ ಹೇಗೆ ಎಂದು, ಅವನು ಪಾಪ, ನಿಲ್ಲಿಸಿ ನಿಧಾನವಾಗಿ ಒರೆಸಿದ್ದ.

"ಒರೆಸಬೇಡ! ಬಿಸಾಕು ಬಟ್ಟೆ! ನಿಲ್ಲಿಸಬೇಡ, ಉಸಿರೂ ಬಿಡಬೇಡ! ಇನ್ನೊಂದು ಸಲ!"

ಮತ್ತೆ ಹಸಿರು ಓಡಿತು. ಅದರ ಬಾಲಕ್ಕೇ ಅಂಟಿಸಿದಂತೆ ಕಪ್ಪು ಬಿತ್ತು. ತಿಜಾನಿ ಗುಂಡಿ ಒತ್ತಿದ. ಗಾಳಿ ಪಟಪಟನೆ ಊದತೊಡಗಿತು. ಹಾಜ್‌ರ ಕಪ್ಪು ಕಾಯಿಗಳು ಒಂದರ ಹಿಂದೊಂದು ದೀಪದ ಬಾಯಿಗೆ ಹಾರಿದವು.

ಹಾಜ್ ಕೂಗಿದರು. ಮೆಕಾನಿಕ್ ಅಭ್ಯಾಸಬಲದಿಂದ ಓಡಿಬಂದು ಸ್ವಿಚ್ಚಿಗೆ ಕೈ ಹಾಕಿದ.

"ಆರಿಸಬೇಡ!" ನಜೀಬಾ ಅವನ ಕೈಯನ್ನು ಪಟ್ಟನೆ ಹೊಡೆದಳು. "ಯಾರೂ ಆರಿಸಬೇಡಿ!"

ನಮ್ಮ ಕನ್ನಡದಲ್ಲಿ ಆರಿಸುವುದು ಎಂದರೆ ಹೆಕ್ಕುವುದೂ ಹೌದು, ನಂದಿಸುವುದೂ ಹೌದು. ಆ ದಿನ ಆಕೆ ಹೇಳಿದ್ದರಲ್ಲಿ ಎರಡು ಅರ್ಥವೂ ಇತ್ತೆಂದು ಹೇಳಬೇಕು. ಯಂತ್ರ ಓಡುತ್ತಿರುವಂತೆಯೇ ಆಕೆ ತನ್ನ ಪುಟ್ಟ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದಳು.

"ಹಾಜ್, ಇಲ್ಲಿ ನೋಡಿ. ಯಂತ್ರದ ನೆನಪಿನಲ್ಲಿ ಈಗ ಬರೆದಿರೋ ಪ್ರೋಗ್ರಾಂ ಇದು. ಕಾಕಾ, ಏನಿದೆ ಓದಿ."

ತಿಜಾನಿ ಪರದೆಯ ಮೇಲಿದ್ದದ್ದನ್ನು ಓದಿದ: "ಕಪ್ಪು ಒಳಗೆ."

"ಕಾಯಿ ಎಲ್ಲಿ ಬೀಳ್ತಿದೆ?"

"ಹೊರಗೆ."

"ಬರೆದದ್ದು ಸರಿ. ನಡೀತಿರೋದು ಹಳೇದು. ಕಾಕಾ ಒತ್ತಿದ್ದು ಅಲ್ಲೇ ಇದೆ, ಎಲ್ಲರೂ ನೋಡಿ. ಈಗ ನಾನು ನಿಯಮ ಮುಟ್ಟಲ್ಲ. ಕೈಯಲ್ಲಿರೋ ಹಳೇದನ್ನ ಬಿಸಾಕು ಅಂತ ಮಾತ್ರ ಹೇಳ್ತೀನಿ."

ಒಂದು ಗುಂಡಿ ಒತ್ತಿದಳು. ಗಾಳಿಯ ಪಟಪಟ ನಿಂತಿತು. ಬೆಲ್ಟು ನಿಲ್ಲಲಿಲ್ಲ. ಅರ್ಧ ಬುಟ್ಟಿ ದೀಪದ ಬಾಯಿಗೆ ಹೋಗಿತ್ತು, ಅದೇ ಬುಟ್ಟಿಯ ಉಳಿದರ್ಧ ಸದ್ದಿಲ್ಲದೆ ಒಳ್ಳೆಯ ಬಾಯಿಗೆ ಉರುಳಿತು.

ಯಾರೂ ನಗಲಿಲ್ಲ.

ನಜೀಬಾ ಬಾಗಿಲ ಕಡೆ ಬೆರಳು ಮಾಡಿದಳು. "ಹೇಳದೆ ಬೋರ್ಡು ಬದಲಾಯಿಸಿದ್ದು ಅವರು. ಚಹಾ ನಿಲ್ಲಿಸಿದ್ದೂ ಅವರು. ಒಂದು ಸಾಲು ಬರೀದೆ ಬಿಟ್ಟಿದ್ದು ನಾನು. ಬೇಡದಿದ್ರೂ ಬರೀಬೇಕಿತ್ತು, ಬರೆಯೋದೇ ಕ್ರಮ. ಈ ಮನುಷ್ಯ ಏನೂ ಮಾಡಲಿಲ್ಲ. ಏನೂ ಮಾಡದೋನ ತುತ್ತು ನೀವು ತಿನ್ನಲಿಲ್ಲ ಹಾಜ್. ನಾಚಿಕೆ ಆಗಬೇಕು!"

ಹಾಜ್ ಖ್ಲೀಫಾಗೆ ನಾಚಿಕೆಯಾಗಬೇಕೆಂದು ಅವರ ತಾಯಿ ಬಿಟ್ಟರೆ ಯಾರೂ ಹೇಳಿದ್ದಿಲ್ಲ. ಅವರ ಗಡ್ಡ ಅದುರಿತು. ಫೌಜಿಯ ಕಡೆ ಒಮ್ಮೆ ನೋಡಿದರು. ಫೌಜಿ ಫೋನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಇಳಿದ. ಆ ಕಡೆ ಮಾತಾಡುವವರು ಯಾರೂ ಇರಲಿಲ್ಲ.

ಉಳಿದ ಲಾರಿ ಕಾಯಿಯನ್ನು ಅಲ್ಲೇ ಅರೆದರು. ಎಣ್ಣೆ ಹರಿದಾಗ ತಿಜಾನಿ ರೊಟ್ಟಿ ಮುರಿದ, ಅದ್ದಿದ. ಆದರೆ ಕೈ ಮುಂದೆ ಚಾಚಲಿಲ್ಲ. ಅವನಿಗೂ ಕೋಪವಿತ್ತು. ತುತ್ತು ಹಿಡಿದು ಸುಮ್ಮನೆ ನಿಂತ. ಕೊನೆಗೆ ಹಾಜ್ ಅವರೇ ಎರಡು ಹೆಜ್ಜೆ ಬಂದು, ಬಗ್ಗಿ, ಅವನ ಕೈಯಿಂದ ಬಾಯಿಗೆ ತೆಗೆದುಕೊಂಡರು. ಕ್ಷಮೆ ಕೇಳಲಿಲ್ಲ. ಬಹಳ ಹೊತ್ತು ಅಗಿದರು.

"ಬರಕತ್ತಾಗಲಿ" ಎಂದರು. ಆಮೇಲೆ ನಜೀಬಾಳ ಕಡೆ ತಿರುಗಿ, "ಈ ಹೆಣ್ಣಿಗೂ ಒಂದು ತುತ್ತು ಕೊಡು. ಬಾಯಿ ಮುಚ್ಚಲಿ" ಎಂದರು.

ತಿಜಾನಿ ಬೀಗದ ಕೈ ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ. ಹಾಜ್ ಎಲ್ಲರ ಎದುರು ತುತ್ತು ತಿಂದ ಮೇಲೆ ರಯಿಸನನ್ನು ಗಾಣದಿಂದ ತೆಗೆಯಲು ಫೌಜಿಗೆ ಧೈರ್ಯವಾಗಲಿಲ್ಲ. ಹಾಜ್‌ರ ಹಾಳಾದ ಎಣ್ಣೆಯನ್ನು ಅವನು ತುಂಬಿಕೊಡಲೇಬೇಕಾಯಿತು. ನಜೀಬಾ ಮಾತ್ರ ಕೆಲಸಕ್ಕೆ ಭಾನುವಾರವೂ ಹೋಗಲಿಲ್ಲ, ಸೋಮವಾರವೂ ಹೋಗಲಿಲ್ಲ.

ಉಳಿದ ಗಾಣಗಳ ಯಂತ್ರಗಳನ್ನು ಸರಿಪಡಿಸುತ್ತೇನೆಂದು ಫೌಜಿ ಹೇಳಿದ್ದ. ಸುಗ್ಗಿ ಮುಗಿಯಲಿ ಎಂದ. ಸುಗ್ಗಿ ಮುಗಿದ ಮೇಲೆ ಮುಂದಿನ ಸುಗ್ಗಿ ಬರಲಿ ಎಂದ. ಅದಕ್ಕೇ ಈಗ ನಜೀಬಾ ತಾನೇ ಹೊರಟಿದ್ದಾಳೆ. ಮೊಪೆಡ್ಡಿನ ಹಿಂದೆ, ಅಪ್ಪನ ಅಂಗಡಿಯ ಹಳೆಯ ತೊಗಲಿನಲ್ಲಿ ಸುತ್ತಿದ ಪುಟ್ಟ ಕಂಪ್ಯೂಟರು. ಅಗಾರೆಬ್ ಆಯಿತು, ಮಹ್ರೆಸ್ ಆಯಿತು, ಈ ವಾರ ಜೆಬೆನಿಯಾನಾ ಕಡೆ ಇದ್ದಾಳೆ. ಆಕೆಯನ್ನು ಒಳಗೆ ಬಿಡಬಾರದೆಂದು ಫೌಜಿ ಮಾಲೀಕರಿಗೆಲ್ಲ ಹೇಳಿಟ್ಟಿದ್ದಾನೆ. ಮಾಲೀಕರು ಗೇಟು ಹಾಕುತ್ತಾರೆ, ರಯಿಸರು ಹಿತ್ತಿಲ ಬಾಗಿಲು ತೆಗೆಯುತ್ತಾರೆ. ತಿಜಾನಿ ಮುಂಚೆಯೇ ಫೋನ್ ಮಾಡಿರುತ್ತಾನೆ.

ಅವನು ಹೇಳುವುದು ಇಷ್ಟೇ: "ಅವಳು ಬರೋವರೆಗೆ ಇಬ್ಬರ ರಾಶಿ ನಡುವೆ ಬೆಲ್ಟು ನಿಲ್ಲಿಸಿ. ಯಾಕೆ ಅಂತ ಕೇಳಬೇಡಿ. ಚಹಾ ಕುಡೀರಿ."

ಹಾಗಾಗಿ ನಜೀಬಾ ಯಾವ ಗಾಣಕ್ಕೆ ನುಗ್ಗಿದರೂ ಎಲ್ಲರೂ ಲೋಟ ಹಿಡಿದು ಕೂತಿರುತ್ತಾರೆ. ಆಕೆ ಸಲಾಮು ಹೇಳುವುದಿಲ್ಲ. "ಲಾರಿ ರಸ್ತೆವರೆಗೂ ನಿಂತಿದೆ, ಇಲ್ಲಿ ಚಹಾ ಕುಡ್ಕೊಂಡು ಕೂತಿದ್ದೀರಾ!" ಎಂದು ಬಾಗಿಲಿನಿಂದಲೇ ಬೈಯುತ್ತಾಳೆ. ಆಮೇಲೆ ಪೆಟ್ಟಿಗೆಯ ತಿರುಪು ಬಿಚ್ಚಿ, ಮೊದಲ ವರ್ಷ ತಾನು ಬರೆಯದೆ ಬಿಟ್ಟ ಆ ಒಂದು ಸಾಲನ್ನು ಸೇರಿಸುತ್ತಾಳೆ, ತನ್ನನ್ನೇ ಬೈದುಕೊಳ್ಳುತ್ತಾ. ಅದು ಮುಗಿಯುವವರೆಗೂ ಆಕೆಗೆಂದು ತುಂಬಿಸಿಟ್ಟ ಲೋಟ ಪಕ್ಕದಲ್ಲಿ ಆರುತ್ತಿರುತ್ತದೆ.